ನಿಮಗಿದು ಗೊತ್ತೇ? ಕರ್ಮಲ್ ಘಟ್ಟದಲ್ಲಿ ಕಾರಿನಡಿ ನಡೆಯುವ ಕೆಲಸ

ಕಾರವಾರದಿಂದ ಮಡಗಾಂವಿಗೆ ಹೊರಟವರು ಕಾಣಕೋಣ ದಾಟಿ, ಕರ್ಮಲ್ ಘಟ್ಟ ಹತ್ತಿಳಿದು, ಕೆಪೆ ತಾಲ್ಲೂಕಿನ ಬಾಳ್ಳಿಗೆ ಬರುತ್ತಾರೆ. ಕಾಡಿನ ನಡುವೆ ಒಂದರ ಹಿಂದೊಂದು ತಿರುವು. ಅಲ್ಲಿ ಸ್ಟೀರಿಂಗ್ ತಿರುಗಿಸುವುದು ನಿಮ್ಮ ಕೈ. ಕಾರು ಆ ಮಾತು ಕೇಳುವಂತೆ ಮಾಡುವುದರಲ್ಲಿ ಸಸ್ಪೆನ್ಷನ್ನಿಗೂ ಪಾಲಿದೆ.

• ತಿರುವಿನಲ್ಲಿ ಮುಂದಿನ ಎರಡು ಚಕ್ರ ಒಂದೇ ಸಮ ತಿರುಗುವುದಿಲ್ಲ. ಮುಂದಿನ ಗಾಲಿಗೂ ಹಿಂದಿನದಕ್ಕೂ 2.4 ಮೀಟರ್, ಎಡಕ್ಕೂ ಬಲಕ್ಕೂ 1.4 ಮೀಟರ್ ಅಂತರವಿರುವ ಚಿಕ್ಕ ಕಾರು 5 ಮೀಟರ್ ತ್ರಿಜ್ಯದಲ್ಲಿ ತಿರುಗಿತೆನ್ನಿ: ಒಳಗಿನ ಚಕ್ರ ಸುಮಾರು 29 ಡಿಗ್ರಿ, ಹೊರಗಿನದು 23. ಈ ಉಪಾಯ ಹೊಳೆದದ್ದು ಮ್ಯೂನಿಕ್‌ನ ಸಾರೋಟು ತಯಾರಕ ಲಾಂಕೆನ್‌ಸ್ಪೆರ್ಗರ್‌ಗೆ. 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದ ಆಕರ್‌ಮನ್ ಹೆಸರೇ ನಿಂತಿತು. ಇದು ಅನ್ಯಾಯವೆಂದೇ ನನಗನಿಸುತ್ತದೆ.

• ನಮ್ಮ ತೇರಿಗೆ ಸ್ಟೀರಿಂಗೂ ಇಲ್ಲ, ಸ್ಪ್ರಿಂಗೂ ಇಲ್ಲ. ಗಾಲಿಯಡಿ ಮರದ ಸನ್ನಿ, ಅಂದರೆ ಬೆಣೆ, ಕೊಟ್ಟು ದಿಕ್ಕು ತಿದ್ದುತ್ತಾರೆ.

• ಗುಂಡಿಗೆ ಬಿದ್ದ ಚಕ್ರ ಮೇಲೆ ಕೆಳಗೆ ಆಡುವಾಗ, ಅದನ್ನು ಹಿಡಿದ ಲೋವರ್ ಆರ್ಮ್ ಬಾಗಿಲಿನ ಕದದಂತೆ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಯಲ್ಲಿ ಬಾಗಿದ ಗೆರೆ ಎಳೆಯುತ್ತದೆ. ಸ್ಟೀರಿಂಗಿನಿಂದ ಚಕ್ರಕ್ಕೆ ಬರುವ ಟೈ ರಾಡ್‌ನದೂ ಅಂಥದೇ ಗೆರೆ. ಎರಡೂ ಹೊಂದಿಕೊಂಡರೆ ನಿಮಗೆ ಏನೂ ತಿಳಿಯುವುದಿಲ್ಲ. ಹೊಂದದಿದ್ದರೆ ಟೈ ರಾಡ್ ಚಕ್ರವನ್ನು ಎಳೆಯುತ್ತದೆ, ಇಲ್ಲವೇ ತಳ್ಳುತ್ತದೆ. ಕೈ ಅಲುಗದಿದ್ದರೂ ಕಾರು ಪಕ್ಕಕ್ಕೆ ಹೊರಳುತ್ತದೆ. ಇದಕ್ಕೆ ಬಂಪ್ ಸ್ಟಿಯರ್ ಎನ್ನುತ್ತಾರೆ. ಚಂದಕ್ಕೆಂದು ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸಿದರೆ ಕೆಡುವುದು ಈ ಹೊಂದಾಣಿಕೆಯೇ. ಘಟ್ಟದಲ್ಲಿ ಓಡಾಡುವವರು ಇದನ್ನು ಖಂಡಿತ ಮಾಡಬೇಡಿ.

• 1983ರಲ್ಲಿ ಬಂದ ಮಾರುತಿ 800ರ ಮುಂದಿನ ಚಕ್ರಗಳಿಗೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇತ್ತು. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿ. ಸ್ಟೀರಿಂಗ್ ತಿರುಗಿಸಿದಾಗ ಚಕ್ರದ ಜೊತೆ ಆ ಕಂಬವೂ ತಿರುಗುತ್ತದೆ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಬಾನೆಟ್ ಕೆಳಗಿನಿಂದ ಕಟಕಟ ಕೇಳಿದರೆ, ಕಂಬದ ತಲೆಯ ಬೇರಿಂಗ್ ಸವೆದಿರಬಹುದು.

• ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರವಾಗಲು ಮುಖ್ಯ ಕಾರಣ, ಚಕ್ರ ಎಡಕ್ಕೂ ಬಲಕ್ಕೂ ತಿರುಗುವ ಅಚ್ಚಿನ ತಲೆ ಸ್ವಲ್ಪ ಹಿಂದಕ್ಕೆ ವಾಲಿರುವುದು. ಸೈಕಲ್ಲಿನ ಮುಂದಿನ ಫೋರ್ಕ್ ನೋಡಿ, ಅದೇ ಓರೆ.

• ವಿದ್ಯುತ್ ಮೋಟರ್ ನೆರವಿನ ಪವರ್ ಸ್ಟೀರಿಂಗ್ ಮೊದಲು ಬಂದದ್ದು 1988ರಲ್ಲಿ, ಜಪಾನಿನ ಪುಟ್ಟ ಕಾರು ಸುಜುಕಿ ಸೆರ್ವೊದಲ್ಲಿ.

• ಪ್ರತಿ ಟೈರೂ ರಸ್ತೆಯನ್ನು ಮುಟ್ಟುವುದು ಹೆಚ್ಚುಕಡಿಮೆ ಅಂಗೈಯಷ್ಟು ಜಾಗದಲ್ಲಿ. ಶಾಕ್ ಅಬ್ಸಾರ್ಬರ್ ಸತ್ತ ಕಾರಿನಲ್ಲಿ ಚಕ್ರ ಕುಪ್ಪಳಿಸುತ್ತದೆ. ಅದು ನೆಲ ಬಿಟ್ಟಿರುವ ಕ್ಷಣದಲ್ಲಿ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಅಷ್ಟೇ.

• ಗೋವಾದಲ್ಲಿ ದುಡಿಯುವ ಉತ್ತರ ಕರ್ನಾಟಕದ ಮೇಸ್ತ್ರಿ ಕಾರನ್ನು ಜಾಕಿಗೆ ಏರಿಸಿದಾಗ ಅವರ ಕೈ ನೋಡಿ. ಟೈರನ್ನು ಮೊದಲು ಮೇಲೆ ಕೆಳಗೆ ಹಿಡಿದು ಅಲುಗಿಸುತ್ತಾರೆ: ಸಡಿಲವಿದ್ದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್ ಮೇಲೆ ಅನುಮಾನ. ಆಮೇಲೆ ಎಡಕ್ಕೂ ಬಲಕ್ಕೂ ಹಿಡಿದು ಅಲುಗಿಸುತ್ತಾರೆ. ಆಗಷ್ಟೇ ಸಡಿಲ ಸಿಕ್ಕರೆ, “ಟೈ ರಾಡ್ ಎಂಡ್ ಪ್ಲೇ ಬಂದೈತ್ರಿ ಅಣ್ಣಾರ.” ಹೊಸದು ಹಾಕಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಆ ರಾಡಿನ ತಿರುಪು ಅರ್ಧ ಸುತ್ತು ಹೆಚ್ಚುಕಡಿಮೆಯಾದರೂ ಚಕ್ರದ ಮುಖ ಓರೆಯಾಗಿ, ಟೈರಿನ ಅಂಚು ಬೇಗ ಸವೆಯುತ್ತದೆ.