ನಾಯಿಯ ಬಾಯಿ ವಾಸನೆ ಸಹಜವೇ? ಮೂಳೆ ಕಡಿದರೆ ಹಲ್ಲು ಶುಚಿಯಾಗುತ್ತದೆಯೇ?

ನಾಯಿಯ ಬಾಯಿ ಮನುಷ್ಯರ ಬಾಯಿಗಿಂತ ಶುಚಿ. ಆಗಾಗ ಒಂದು ಮೂಳೆ ಹಾಕಿದರೆ ಅದರ ಹಲ್ಲು ತಾನಾಗಿಯೇ ಬೆಳ್ಳಗಿರುತ್ತದೆ. ಬಾಯಿ ವಾಸನೆ ನಾಯಿ ಜಾತಿಗೇ ಸಹಜ. ಈ ಮೂರು ಮಾತುಗಳು ಬೇರೆ ಬೇರೆ ರೂಪದಲ್ಲಿ ನಿಮ್ಮ ಮೊಬೈಲಿಗೂ ಬಂದಿರಬಹುದು. ಮೊದಲನೆಯದಕ್ಕೂ ಮೂರನೆಯದಕ್ಕೂ ತಾಳೆಯೇ ಇಲ್ಲ. ಅಷ್ಟು ಶುಚಿಯಾದ ಬಾಯಿ ನಾರುವುದೇಕೆ?

ನಿಜವೇನೆಂದರೆ ನಾಯಿಯ ಬಾಯಲ್ಲೂ ನಮ್ಮ ಬಾಯಲ್ಲಿರುವಂತೆಯೇ ನೂರಾರು ಬಗೆಯ ಬ್ಯಾಕ್ಟೀರಿಯಾಗಳಿವೆ. ಬಗೆಗಳು ಬೇರೆ, ಅಷ್ಟೇ. ನಾಯಿ ನೆಕ್ಕಿದರೆ ಗಾಯ ಬೇಗ ಮಾಯುತ್ತದೆ ಎಂಬ ನಂಬಿಕೆಯನ್ನಂತೂ ಇಂದೇ ಬಿಡಬೇಕು. ರೇಬೀಸ್ ವೈರಸ್ ಇರುವುದು ಸೋಂಕು ತಗುಲಿದ ಪ್ರಾಣಿಯ ಜೊಲ್ಲಿನಲ್ಲಿ. ಹಸಿ ಗಾಯವನ್ನು ನಾಯಿ ನೆಕ್ಕಿದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಕೂಡಲೇ ವೈದ್ಯರನ್ನು ಕಾಣಿ.

ಈಗ ವಾಸನೆಯ ವಿಷಯ. ಊಟದ ನಂತರ ಹಲ್ಲಿನ ಮೇಲೆ ಬ್ಯಾಕ್ಟೀರಿಯಾಗಳ ಅಂಟಂಟಾದ ಪದರವೊಂದು ಕೂರುತ್ತದೆ. ಇದೇ ಪಾಚಿ, ಅಂದರೆ ಪ್ಲೇಕ್. ನಾಯಿಯ ಜೊಲ್ಲು ನಮ್ಮದಕ್ಕಿಂತ ಹೆಚ್ಚು ಕ್ಷಾರೀಯ. ಹಾಗಾಗಿ ನಾಯಿಗಳಲ್ಲಿ ಹುಳುಕು ಹಲ್ಲು ಅಪರೂಪ, ಆದರೆ ಪಾಚಿ ಕೆಲವೇ ದಿನಗಳಲ್ಲಿ ಗಟ್ಟಿಯಾಗಿ ಹಳದಿ ಅಥವಾ ಕಂದು ಬಣ್ಣದ ಟಾರ್ಟರ್ ಆಗಿಬಿಡುತ್ತದೆ. ಅದು ಒಸಡಿನ ಕೆಳಗೆ ಇಳಿದಾಗ ಒಸಡು ಊದಿ, ರಕ್ತ ಒಸರಿ, ಹಲ್ಲನ್ನು ಹಿಡಿದಿರುವ ಎಲುಬು ಕರಗತೊಡಗುತ್ತದೆ. ಮೂಗಿಗೆ ಬಡಿಯುವ ಆ ಕೊಳೆತ ವಾಸನೆ ಹೆಚ್ಚಿನ ಸಲ ಈ ರೋಗದ್ದೇ. ಮೂರು ವರ್ಷ ದಾಟುವಷ್ಟರಲ್ಲಿ ಹೆಚ್ಚಿನ ನಾಯಿಗಳಲ್ಲಿ ಇದರ ಆರಂಭ ಕಾಣಿಸುತ್ತದೆ. ಪೊಮೆರೇನಿಯನ್, ಶಿಟ್ಜು, ಪಗ್‌ನಂಥ ಸಣ್ಣ ತಳಿಗಳಿಗೆ ಕಾಟ ಹೆಚ್ಚು, ಏಕೆಂದರೆ ಪುಟ್ಟ ದವಡೆಯಲ್ಲೂ 42 ಹಲ್ಲುಗಳು ಒತ್ತೊತ್ತಾಗಿ ಕೂರಬೇಕು. ರೋಗ ತೀರಾ ಮುಂದುವರಿದರೆ ಇಂಥ ನಾಯಿಗಳ ಸವೆದ ಕೆಳದವಡೆ ಸಣ್ಣ ಪೆಟ್ಟಿಗೂ ಮುರಿಯುವುದುಂಟು.

ಮೂಳೆಯ ಮಾತಿನಲ್ಲಿ ಚೂರು ಸತ್ಯವಿದೆ. ಕಡಿಯುವಾಗ ಹಲ್ಲಿನ ಮೇಲ್ಭಾಗದ ಟಾರ್ಟರ್ ಸ್ವಲ್ಪ ಉದುರುತ್ತದೆ. ಆದರೆ ರೋಗ ಬೆಳೆಯುವುದು ಒಸಡಿನ ಕೆಳಗೆ, ಮೂಳೆ ಅಲ್ಲಿಗೆ ತಲುಪುವುದಿಲ್ಲ. ಮೇಲಾಗಿ ಗಟ್ಟಿ ಮೂಳೆ ಕಡಿದು ಮೇಲ್ದವಡೆಯ ದೊಡ್ಡ ಹಲ್ಲು ಸೀಳಿಹೋಗುವುದು ಪಶುವೈದ್ಯರು ಆಗಾಗ ನೋಡುವ ಪ್ರಕರಣ. ಆ ಹಲ್ಲಿನ ಬೇರು ಕಣ್ಣಿನ ಕೆಳಭಾಗದವರೆಗೂ ಹೋಗಿರುತ್ತದೆ. ಬೇರಿನಲ್ಲಿ ಕೀವು ತುಂಬಿದರೆ ಕಣ್ಣಿನ ಕೆಳಗೆ ಊತ ಬರುತ್ತದೆ. ಮನೆಯವರು ಜೇನು ಕಚ್ಚಿರಬೇಕು ಅಂದುಕೊಂಡು ಸುಮ್ಮನಾಗುತ್ತಾರೆ. ಬೇಯಿಸಿದ ಮೂಳೆ ಇನ್ನೂ ಅಪಾಯ, ಚೂಪು ಚೂರುಗಳಾಗಿ ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಳ್ಳುತ್ತದೆ. ಕಡಿಯಲು ಏನಾದರೂ ಕೊಡಲೇಬೇಕೆಂದಿದ್ದರೆ ನಿಮ್ಮ ಉಗುರು ಒತ್ತಿ ನೋಡಿ. ಗುರುತು ಬೀಳದಷ್ಟು ಗಟ್ಟಿಯಿದ್ದರೆ ಅದು ಬೇಡ.

“ಊಟ ಚೆನ್ನಾಗಿ ಮಾಡ್ತಿದೆಯಲ್ಲ, ನೋವಿದ್ದರೆ ತಿನ್ನುತ್ತಿತ್ತೇ?” ಎಂದು ಕೇಳುವವರು ಬಹಳ. ತಿನ್ನುತ್ತದೆ! ನಾಯಿ, ಬೆಕ್ಕು ಎರಡೂ ನೋವನ್ನು ಮುಚ್ಚಿಡುವುದರಲ್ಲಿ ಪಳಗಿದವು. ಒಂದೇ ಕಡೆಯಿಂದ ಅಗಿಯುವುದು, ತುತ್ತು ಬಾಯಿಂದ ಬೀಳಿಸುವುದು, ಮುಖ ಮುಟ್ಟಿದರೆ ಸರಿದುಹೋಗುವುದು, ಜೊಲ್ಲಿನಲ್ಲಿ ರಕ್ತ, ಇವೇ ಸುಳಿವುಗಳು. ಬೆಕ್ಕುಗಳಲ್ಲಿ ಹಲ್ಲು ತಾನೇ ಕರಗುತ್ತ ಹೋಗುವ ಒಂದು ತೊಂದರೆ ಸಾಮಾನ್ಯ. ಬಹಳ ನೋವಿನದು, ಎಕ್ಸ್‌ರೇ ಇಲ್ಲದೆ ಪೂರ್ತಿ ತಿಳಿಯುವುದಿಲ್ಲ. ಹಲ್ಲು ಕೊಳೆತರೆ ಹೃದಯ, ಕಿಡ್ನಿ ಹೋಗಿಯೇಬಿಡುತ್ತವೆ ಎಂದು ಹೆದರಿಸುವ ಸಂದೇಶಗಳೂ ಇವೆ. ನಂಟು ಕಂಡಿದೆ, ಹಲ್ಲಿನ ರೋಗವೇ ನೇರ ಕಾರಣ ಎಂದು ಸಾಬೀತಾಗಿಲ್ಲ. ಬಾಯಿನೋವೊಂದೇ ಸಾಲದೇ ಚಿಕಿತ್ಸೆ ಕೊಡಿಸಲು?

ಮನೆಮದ್ದಿನ ಫಾರ್ವರ್ಡ್‌ಗಳಲ್ಲಿ ಅತ್ಯಂತ ಅಪಾಯದ್ದು ನಮ್ಮ ಟೂತ್‌ಪೇಸ್ಟನ್ನೇ ಹಚ್ಚಿ ಎನ್ನುವುದು. ಕೆಲವು ಪೇಸ್ಟ್‌ಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇರುತ್ತದೆ. ಅದು ನಾಯಿಯ ದೇಹದಲ್ಲಿ ಇನ್ಸುಲಿನ್ ಒಮ್ಮೆಲೇ ಉಕ್ಕುವಂತೆ ಮಾಡಿ, ರಕ್ತದ ಸಕ್ಕರೆಯನ್ನು ಜೀವಕ್ಕೇ ಕುತ್ತಾಗುವಷ್ಟು ಇಳಿಸುತ್ತದೆ. ಯಕೃತ್ತಿಗೂ ಪೆಟ್ಟು. ಅದಿಲ್ಲದ ಪೇಸ್ಟ್‌ನಲ್ಲೂ ಫ್ಲೋರೈಡ್ ಇರಬಹುದು, ಉಗುಳಲು ಬಾರದ ನಾಯಿ ಎಲ್ಲವನ್ನೂ ನುಂಗುತ್ತದೆ. ಸಾಕುಪ್ರಾಣಿಗಳಿಗೆಂದೇ ಇರುವ ಪೇಸ್ಟ್ ಸಿಗದಿದ್ದರೆ ಬರೀ ನೀರು ಸಾಕು, ಉಜ್ಜುವುದೇ ಮುಖ್ಯ. ಉಪ್ಪು, ಅಡಿಗೆ ಸೋಡಾ ಬೇಡ.

ಒಮ್ಮೆ ಗಟ್ಟಿಯಾದ ಟಾರ್ಟರ್ ಬ್ರಶ್ಶಿಗೆ ಜಗ್ಗುವುದಿಲ್ಲ. ಅದಕ್ಕೆ ಪಶುವೈದ್ಯರೇ ಸ್ಕೇಲಿಂಗ್ ಮಾಡಬೇಕು, ಅದೂ ಅರಿವಳಿಕೆ ಕೊಟ್ಟು. ಇಲ್ಲೇ ಬಹಳ ಜನ ಹಿಂಜರಿಯುತ್ತಾರೆ, ‘ಅನಸ್ತೇಶಿಯಾ ಇಲ್ಲದೆ ಕ್ಲೀನಿಂಗ್’ ಎಂಬ ಜಾಹೀರಾತಿನತ್ತ ವಾಲುತ್ತಾರೆ. ಎಚ್ಚರವಿರುವ ನಾಯಿಯ ಒಸಡಿನ ಕೆಳಗೆ ಉಪಕರಣ ಹಾಕಲು ಆಗದು. ಕಾಣುವ ಹಲ್ಲಷ್ಟೇ ಹೊಳೆಯುತ್ತದೆ, ರೋಗ ಒಳಗೇ ಉಳಿಯುತ್ತದೆ. ಅರಿವಳಿಕೆಯಲ್ಲಿ ಅಪಾಯ ಶೂನ್ಯವಲ್ಲ. ಆದರೆ ಮೊದಲೇ ರಕ್ತಪರೀಕ್ಷೆ ಮಾಡಿಸಿ, ಹೃದಯ, ಕಿಡ್ನಿ ನೋಡಿ ಮುಂದುವರಿದರೆ ಅದು ಬಹಳ ಕಡಿಮೆಯಾಗುತ್ತದೆ. ಎಲ್ಲ ಪಶು ಆಸ್ಪತ್ರೆಗಳಲ್ಲೂ ಸ್ಕೇಲಿಂಗ್ ಯಂತ್ರ ಇರುವುದಿಲ್ಲ, ಫೋನ್ ಮಾಡಿ ಕೇಳಿಕೊಂಡೇ ಹೋಗಿ.

ಹೇಗೂ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆಗೆ ಹೋಗುತ್ತೀರಲ್ಲ? ಅಂದೇ “ಡಾಕ್ಟ್ರೇ, ತುಟಿ ಎತ್ತಿ ಹಲ್ಲೂ ನೋಡಿಬಿಡಿ” ಎನ್ನಿ. ತೂಕ, ಎದೆಬಡಿತ, ಹೊಟ್ಟೆ ಎಲ್ಲದರ ತಪಾಸಣೆಯೂ ಅಲ್ಲೇ ಮುಗಿಯುತ್ತದೆ. ಏಳೆಂಟು ವರ್ಷ ದಾಟಿದ ಮೇಲೆ ಆರು ತಿಂಗಳಿಗೊಮ್ಮೆ ತೋರಿಸುವುದು ಒಳ್ಳೆಯದು. ಮರಿಯಾದರೆ ಏಳು ತಿಂಗಳ ಹೊತ್ತಿಗೆ ಹಾಲುಹಲ್ಲೆಲ್ಲ ಬಿದ್ದಿವೆಯೇ ಎಂದು ನೋಡಿಸಿ, ಉಳಿದುಕೊಂಡ ಹಾಲುಹಲ್ಲಿನ ಸಂದಿಯಲ್ಲಿ ಪಾಚಿ ಬೇಗ ಕಟ್ಟುತ್ತದೆ.

ಮನೆಯಲ್ಲಿ ಉಜ್ಜುವುದನ್ನು ನಿಧಾನಕ್ಕೆ ಆರಂಭಿಸಿ. ಮೊದಲ ಕೆಲವು ದಿನ ತುಟಿ ಎತ್ತಿ ಮುಟ್ಟಿ, ಹೊಗಳಿ, ಬಿಟ್ಟುಬಿಡಿ. ಆಮೇಲೆ ಬೆರಳಿಗೆ ಒದ್ದೆ ಹತ್ತಿಬಟ್ಟೆ ಸುತ್ತಿ ಒರೆಸಿ, ಅದು ರೂಢಿಯಾದ ಮೇಲೆ ಮೆತ್ತನೆಯ ಮಕ್ಕಳ ಬ್ರಶ್ ಹಿಡಿಯಿರಿ. ಕೆನ್ನೆಯ ಕಡೆಯ ಹೊರಮೈ ಉಜ್ಜಿದರೆ ಸಾಕು, ಒಳಬದಿಯನ್ನು ನಾಲಿಗೆ ಸ್ವಲ್ಪ ಮಟ್ಟಿಗೆ ನೋಡಿಕೊಳ್ಳುತ್ತದೆ. ದಿನಾ ಆದರೆ ಉತ್ತಮ. ಒಸಡು ಕೆಂಪಗಿದ್ದು ಮುಟ್ಟಿದಾಗಲೆಲ್ಲ ರಕ್ತ ಬರುತ್ತಿದ್ದರೆ ಬ್ರಶ್ ಪಕ್ಕಕ್ಕಿಡಿ, ಮೊದಲು ಪಶುವೈದ್ಯರಿಗೆ ತೋರಿಸಿ.