ಬಿದಿರು ಬೇಲಿಯ ಸೀಮೆ: ಬಲಂ ಕದನ ಮತ್ತು ಅದರ ನಂತರ

ಶ್ರೀರಂಗಪಟ್ಟಣದ ಕೋಟೆ 1799ರ ಮೇ 4ರಂದು ಬಿತ್ತು. ಶಾಲೆಯ ಪಾಠದಲ್ಲಿ ಮೈಸೂರು ಯುದ್ಧಗಳ ಕಥೆ ಅಲ್ಲಿಗೆ ಮುಗಿಯುತ್ತದೆ. ಸಕಲೇಶಪುರ, ಆಲೂರಿನ ಮಲೆಗಳಲ್ಲಿ ಅದು ಮುಗಿಯಲಿಲ್ಲ. ಆಗ ಬಲಂ ಸೀಮೆ ಎನಿಸಿಕೊಂಡಿದ್ದ ಈ ನಾಡು ಮುಂದಿನ ಎರಡೂವರೆ ವರ್ಷ ಹೊಸ ಮೈಸೂರು ಸರ್ಕಾರದ ಕೈಗೆ ಪೂರ್ತಿ ಸಿಗಲಿಲ್ಲ. 1802ರ ಫೆಬ್ರವರಿಯಲ್ಲಿ ಇಲ್ಲಿನ ಪಾಳೆಯಗಾರನನ್ನು ಗಲ್ಲಿಗೇರಿಸಿದ ಮೇಲಷ್ಟೇ ಕೋವಿಗಳು ಸುಮ್ಮನಾದವು.

ಈ ಕದನವನ್ನು ಬ್ರಿಟಿಷರ ವಿರುದ್ಧದ ಹೋರಾಟ ಎಂದು ಬರೆಯುವುದು ರೂಢಿ. ಅದರಲ್ಲಿ ಸುಳ್ಳಿಲ್ಲ. ಆದರೆ ಅಷ್ಟಕ್ಕೇ ನಿಂತರೆ ಇನ್ನರ್ಧ ಮರೆಯಾಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ದಂಡಿನ ಜೊತೆಗೆ ಬಂದದ್ದು ಮೈಸೂರಿನ ದಂಡು. ಅದನ್ನು ಕರೆತಂದವರು ದಿವಾನ್ ಪೂರ್ಣಯ್ಯ. ಹೈದರಾಲಿ ಮತ್ತು ಟಿಪ್ಪುವಿನ ಕಾಲದಿಂದಲೂ ರಾಜ್ಯದ ಲೆಕ್ಕ ನೋಡುತ್ತಿದ್ದ, ಈ ಮಲೆನಾಡಿನ ಕಂದಾಯದ ಒಳಹೊರಗು ಬಲ್ಲ ಮನುಷ್ಯ ಅವರು. ಟಿಪ್ಪು ಸತ್ತ ಮೇಲೆ ಅವನ ಸಿಪಾಯಿಗಳಲ್ಲಿ ಎಷ್ಟೋ ಮಂದಿ ಕಂಪನಿಗೆ ಎದುರು ದಂಡು ಕಟ್ಟಿದ ಧೋಂಡಿಯಾ ವಾಘನ ಹಿಂದೆ ಹೋದರು, ಮಿಕ್ಕವರು ಹೊಸ ಸರ್ಕಾರದಲ್ಲಿ ಚಾಕರಿಗೆ ಸೇರಿದರು. ಒಂದೇ ಅರಮನೆಯ ಉಪ್ಪುಂಡವರು ಎದುರುಬದುರು ನಿಂತರು. ಹಾಗಾಗಿ ಇದು ಮೈಸೂರು ದೇಶದ ಅಂತರ್ಯುದ್ಧವೂ ಹೌದು ಎಂಬುದು ನನ್ನ ನಿಲುವು. ಹಾಗೆ ನೋಡಿದರೆ ಮಾತ್ರ ಆಮೇಲಿನ ಐವತ್ತು ವರ್ಷಗಳ ಕಥೆಗೆ ತಲೆಬುಡ ಸಿಗುತ್ತದೆ.

ಬಲಂ ಪಾಳೆಯಗಾರರದು ಬೇಲೂರು ನಾಯಕರ ವಂಶ. ವಿಜಯನಗರದ ಅರಸರಿಂದ ಬೇಲೂರು ಸೀಮೆಯನ್ನು ಪಡೆದಿದ್ದ ಈ ಮನೆತನವನ್ನು ಇಕ್ಕೇರಿಯ ನಾಯಕರು ಮಲೆಯ ಕಡೆಗೆ ತಳ್ಳಿದರು. ಹದಿನೇಳನೆಯ ಶತಮಾನದ ಕೊನೆಗೆ ಮೈಸೂರು ಮತ್ತು ಇಕ್ಕೇರಿಯ ನಡುವೆ ಒಪ್ಪಂದವಾದಾಗ ಅವರ ಪಾಲಿಗೆ ಉಳಿದದ್ದು ಮುಂದೆ ಮಂಜರಾಬಾದ್ ಎನಿಸಿಕೊಂಡ ಸೀಮೆಯ ಆರು ನಾಡುಗಳು. ಈಗಿನ ಸಕಲೇಶಪುರ ತಾಲೂಕಿನ ಐಗೂರು ಅವರ ಠಾಣೆ. ಹೀಗೆ ದೊಡ್ಡ ರಾಜ್ಯಗಳ ನಡುವೆ ಸಿಕ್ಕಿಕೊಂಡ ಸಣ್ಣ ಪಾಳೆಯಪಟ್ಟು ಅದು. ಯಾರ ಕೈ ಮೇಲಾದರೂ ಇವರು ಬಾಗಬೇಕು. ಆ ಕೈ ಸಡಿಲವಾದರೆ ತಲೆ ಎತ್ತಬೇಕು. 1792ರಲ್ಲಿ ಕಂಪನಿಯ ಸೈನ್ಯ ಟಿಪ್ಪುವಿನ ಮೇಲೆ ಬಂದಾಗ ಆಗಿನ ಪಾಳೆಯಗಾರ ಕಂಪನಿಯ ಪಕ್ಷ ವಹಿಸಿದ. ಯುದ್ಧ ಮುಗಿದೊಡನೆ ಟಿಪ್ಪುವಿಗೆ ಹೆದರಿ ಕೊಡಗಿಗೆ ಓಡಿದ. ಟಿಪ್ಪುವೇ ಅವನನ್ನು ಕರೆಸಿ ಐಗೂರು ಸೀಮೆಯನ್ನು ಬಿಟ್ಟುಕೊಟ್ಟು, ಬಲಂನ ಉಳಿದ ಭಾಗವನ್ನು ತಾನು ಇಟ್ಟುಕೊಂಡ.

ಸಕಲೇಶಪುರದಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿ ದೋಣಿಗಾಲಿನ ಬಳಿ ಗುಡ್ಡದ ನೆತ್ತಿಯ ಮೇಲಿರುವ ಮಂಜರಾಬಾದ್ ಕೋಟೆ ಅದೇ ಕಾಲದ್ದು. ಎಂಟು ಮೂಲೆಯ ನಕ್ಷತ್ರದ ಆಕಾರ, ಮದ್ದುಗುಂಡು ಇಡುವ ನೆಲಮಾಳಿಗೆ, ನಡುವೆ ಮೆಟ್ಟಿಲಿಳಿದು ಹೋಗುವ ಶಿಲುಬೆಯಾಕಾರದ ಕೊಳ. ಫ್ರೆಂಚರ ಕೋಟೆ ಕಟ್ಟುವ ವಿದ್ಯೆಯನ್ನು ಟಿಪ್ಪು ಮಲೆನಾಡಿಗೆ ತಂದದ್ದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ಬೇರಿಲ್ಲ. ಇಂದು ರಜೆಯ ದಿನ ನೂರಾರು ಜನ ಮೆಟ್ಟಿಲು ಹತ್ತಿ ನೋಡಿಬರುವುದು ಇದನ್ನೇ. ಆದರೆ ಬಲಂ ಕದನದ ತೀರ್ಮಾನವಾದದ್ದು ಈ ಕಲ್ಲುಕೋಟೆಯಲ್ಲಲ್ಲ, ಅರೆಕೆರೆ ಎಂಬ ಒಂದು ಹಳ್ಳಿಯಲ್ಲಿ.

ಆ ಹಳ್ಳಿಯನ್ನು ಹತ್ತಿರದಿಂದ ನೋಡಬೇಕು. ಮಲೆನಾಡಿನ ಊರೆಂದರೆ ಬಯಲುಸೀಮೆಯ ಊರಿನ ಹಾಗೆ ಒಂದಕ್ಕೊಂದು ಅಂಟಿಕೊಂಡ ಮನೆಗಳಲ್ಲ. ಒಂದು ಮನೆ ಇಲ್ಲಿ, ಇನ್ನೊಂದು ಗುಡ್ಡದಾಚೆ. ನಡುವೆ ಗದ್ದೆಯ ಕಣಿವೆ, ಅದರ ಮೇಲೆ ಕಾಡು. ಬಲಂ ಸೀಮೆಯವರು ಇಂಥ ನೆಲವನ್ನೇ ಕೋಟೆ ಮಾಡಿಕೊಂಡಿದ್ದರು. ಊರಿನ ಸುತ್ತ ಆಳದ ಅಗಳ, ಅಗಳದ ಒಳದಂಡೆಯಲ್ಲಿ ಕೈ ತೂರದಷ್ಟು ಒತ್ತಾಗಿ ಬೆಳೆಸಿದ ಬಿದಿರು ಮತ್ತು ಮುಳ್ಳಿನ ಬೇಲಿ, ಊರಿಗೆ ಬರುವ ಓಣಿಯ ಬಾಯಲ್ಲಿ ಕಾವಲಿನ ಉಕ್ಕಡ. ಓಣಿ ನೇರವಾಗಿರುವುದಿಲ್ಲ, ತಿರುಗಿ ತಿರುಗಿ ಹೋಗುತ್ತದೆ. ಒಳಗೆ ನುಗ್ಗಿದವನಿಗೆ ಮುಂದಿನ ತಿರುವಿನಲ್ಲಿ ಏನಿದೆ ಎಂದು ಕಾಣುವುದಿಲ್ಲ. ಬಿದಿರು ಮೆಳೆಗೆ ಫಿರಂಗಿ ಗುಂಡು ಹೊಡೆದರೆ ಒಂದೆರಡು ಗಳ ಮುರಿಯುತ್ತವೆ, ಮೆಳೆ ಹಾಗೇ ನಿಲ್ಲುತ್ತದೆ. ಕಲ್ಲುಗೋಡೆಯನ್ನು ಒಡೆದು ದಾರಿ ಮಾಡುವ ಯುರೋಪಿನ ಯುದ್ಧವಿದ್ಯೆಗೆ ಇಲ್ಲಿ ಕೆಲಸವಿರಲಿಲ್ಲ.

ಇದರ ಜೊತೆಗೆ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ ಹಿಡಿದರೆ ಹಳ್ಳಗಳು ತುಂಬುತ್ತವೆ, ಫಿರಂಗಿ ಎಳೆಯುವ ಎತ್ತುಗಳು ಕೆಸರಿನಲ್ಲಿ ಹೂತು ನಿಲ್ಲುತ್ತವೆ, ಮದ್ದು ಒದ್ದೆಯಾಗುತ್ತದೆ. ಮುಂಗಾರು ಬೀಳುವ ತನಕ ಸಿಗುವ ಬೇಸಿಗೆಯ ಕೆಲವು ತಿಂಗಳಲ್ಲೇ ಹೊರಗಿನ ದಂಡು ಕೆಲಸ ಮುಗಿಸಬೇಕು. ಬಲಂ ಪಾಳೆಯಗಾರನಿಗೆ ಇದು ಚೆನ್ನಾಗಿ ಗೊತ್ತಿತ್ತು.

ಅವನ ಹೆಸರನ್ನು ಕಂಪನಿಯ ಕಾಗದಗಳು ಕೃಷ್ಣಪ್ಪ ನಾಯಕ ಎನ್ನುತ್ತವೆ. ಮೈಸೂರಿನ ಗೆಝೆಟಿಯರ್ ವೆಂಕಟಾದ್ರಿ ನಾಯಕ ಎನ್ನುತ್ತದೆ. ಶ್ರೀರಂಗಪಟ್ಟಣ ಬಿದ್ದ ಸುದ್ದಿ ಬಂದೊಡನೆ ಅವನು ಸ್ವತಂತ್ರನಾಗಿ ನಿಂತ. ಸುತ್ತಲೂ ಅದಕ್ಕೆ ತಕ್ಕ ಗಾಳಿಯೂ ಬೀಸುತ್ತಿತ್ತು. ಉತ್ತರದಲ್ಲಿ ಧೋಂಡಿಯಾ ವಾಘ್ ಬಿದನೂರಿನ ಸೀಮೆಯಲ್ಲಿ ಸೈನ್ಯ ಕಟ್ಟಿದ್ದ. ಘಟ್ಟದ ಕೆಳಗೆ ವಿಟ್ಲದ ಹೆಗ್ಗಡೆ ಕಂಪನಿಗೆ ಎದುರು ಬಿದ್ದಿದ್ದ. ದಕ್ಷಿಣಕ್ಕೆ ವಯನಾಡಿನಲ್ಲಿ ಪಳಶ್ಶಿಯ ಕೇರಳವರ್ಮ, ಇನ್ನೂ ಕೆಳಗೆ ತಮಿಳುನಾಡಿನಲ್ಲಿ ಮರುದು ಸಹೋದರರು. ಇವರೆಲ್ಲರ ನಡುವೆ ಓಡಾಡಿದ ದೂತರ ಜಾಡು ಹಿಡಿದು ಇತಿಹಾಸಕಾರ ಕೆ. ರಾಜಯ್ಯನ್ ಅವರು 1971ರಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಬರೆದರು. 1800–1801ರ ಈ ದಂಗೆಗಳನ್ನು ಒಂದೇ ಕೂಟದ ಹೋರಾಟವೆಂದು, 1857ಕ್ಕೂ ಮೊದಲಿನ ಸ್ವಾತಂತ್ರ್ಯ ಸಂಗ್ರಾಮವೆಂದು ಅವರು ವಾದಿಸಿದರು. ಬಲಂ ಆ ಸರಪಳಿಯ ಒಂದು ಕೊಂಡಿ. ಕೊಡಗು ಮಾತ್ರ ಇದರಲ್ಲಿ ಸೇರಲಿಲ್ಲ. ದೊಡ್ಡವೀರರಾಜೇಂದ್ರ 1790ರಲ್ಲೇ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿದ್ದ.

ಕಂಪನಿಗೆ ಈ ಸಣ್ಣ ಸೀಮೆಯ ಮೇಲೆ ಯಾಕಿಷ್ಟು ಕಣ್ಣು? ಟಿಪ್ಪುವಿನ ರಾಜ್ಯ ಹಂಚುವಾಗ ಕೆನರಾ ಕರಾವಳಿಯನ್ನು ಕಂಪನಿ ತಾನೇ ಇಟ್ಟುಕೊಂಡಿತ್ತು, ಶ್ರೀರಂಗಪಟ್ಟಣದಲ್ಲಿ ತನ್ನ ದಂಡನ್ನೂ ಇಟ್ಟಿತ್ತು. ಇವೆರಡರ ನಡುವೆ ಅಡ್ಡಲಾಗಿ ಇದ್ದದ್ದು ಬಲಂ. ಮಂಗಳೂರಿಗೆ ಇಳಿಯುವ ಘಾಟಿಗಳು, ಅದರಲ್ಲೂ ಸುಬ್ರಹ್ಮಣ್ಯಕ್ಕೆ ಹೋಗುವ ಬಿಸಿಲೆ ಘಾಟಿ, ಈ ಪಾಳೆಯಗಾರನ ಕೈಯಲ್ಲಿದ್ದವು. ಮೈಸೂರಿಗೂ ತನ್ನದೇ ಕಾರಣವಿತ್ತು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು 1799ರ ಜೂನ್ 30ರಂದು ಗದ್ದುಗೆಯ ಮೇಲೆ ಕೂರಿಸಿದ ಕಂಪನಿ, ಕೆಲವೇ ದಿನಗಳಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ವರ್ಷಕ್ಕೆ 7 ಲಕ್ಷ ವರಹ ಕಪ್ಪವನ್ನು ಹೇರಿತ್ತು. ಅಷ್ಟು ಹಣ ಹೊಂದಿಸಬೇಕಾದ ದಿವಾನರಿಗೆ ಕಂದಾಯ ಕೊಡದ ಒಂದು ಸೀಮೆಯನ್ನೂ ಬಿಟ್ಟುಕೊಡುವ ಹಾಗಿರಲಿಲ್ಲ. ಈ 7 ಲಕ್ಷವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

1800ರ ಏಪ್ರಿಲ್ ಮೊದಲಲ್ಲಿ ಕಂಪನಿಯ ದಂಡು ಅರೆಕೆರೆಯ ಮೇಲೆ ಬಿದ್ದು ಪೆಟ್ಟು ತಿಂದು ಹಿಮ್ಮೆಟ್ಟಿತು. ಅದೇ ತಿಂಗಳ ಕೊನೆಗೆ ಕರ್ನಲ್ ಮಾಂಟ್ರೆಸರ್ ಹೆಚ್ಚಿನ ಬಲ ತಂದು ಊರನ್ನು ಹಿಡಿದ. ಹಿಡಿದದ್ದು ನಿಲ್ಲಲಿಲ್ಲ. ಮಳೆಗಾಲ ಬಂತು, ಧೋಂಡಿಯಾನ ಬೆನ್ನಟ್ಟಲು ದಂಡು ಉತ್ತರಕ್ಕೆ ಹೋಯಿತು. 1800ರ ಸೆಪ್ಟೆಂಬರ್‌ನಲ್ಲಿ ಧೋಂಡಿಯಾ ಸತ್ತ. ಬಲಂನವರು ಈ ಬಿಡುವಿನಲ್ಲಿ ಮತ್ತೆ ಅರೆಕೆರೆಗೆ ಬಂದು ಕೂತರು.

ಮುಂದಿನ ಸಲ ಬಂದವನು ಆರ್ಥರ್ ವೆಲ್ಲೆಸ್ಲಿ, ಗವರ್ನರ್ ಜನರಲ್‌ನ ತಮ್ಮ. ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಜಗತ್ತಿಗೆಲ್ಲ ಹೆಸರಾದವನು ಅವನೇ. ಆಗ ಅವನಿಗೆ 32 ವರ್ಷ. ಮೊದಲ ದಾಳಿಗಳಿಂದ ಪಾಠ ಕಲಿತಿದ್ದ ಅವನು ನಡುಬೇಸಿಗೆಗೆ ಕಾಯದೆ ಜನವರಿಯಲ್ಲೇ ಬಂದ. ಮುಂದೆ ಮಳೆಯಿಲ್ಲದ ನಾಲ್ಕು ತಿಂಗಳು ಕೈಯಲ್ಲಿತ್ತು. 1802ರ ಜನವರಿ 16ರಂದು ಮೂರು ದಿಕ್ಕಿನಿಂದ ಮೂರು ತುಕಡಿಗಳು ಒಟ್ಟಿಗೆ ನುಗ್ಗಿದವು. ಕಾಡಿನಂಚಿನಲ್ಲಿ ಪೂರ್ಣಯ್ಯನವರ ಕುದುರೆ ಸವಾರರು ತಪ್ಪಿಸಿಕೊಳ್ಳುವವರಿಗಾಗಿ ಕಾದು ನಿಂತರು. ಅರೆಕೆರೆ ಬಿತ್ತು. ಪಾಳೆಯಗಾರ ಕಾಡು ಸೇರಿದ. ಫೆಬ್ರವರಿ ಎರಡನೆಯ ವಾರ ಸಿಕ್ಕಿಬಿದ್ದ. ಉಗ್ಗೇಹಳ್ಳಿಯಲ್ಲಿ ಅವನನ್ನು ಗಲ್ಲಿಗೇರಿಸಿದರು ಎಂದು ಗೆಝೆಟಿಯರ್ ಹೇಳುತ್ತದೆ. ಬೇಲೂರು ನಾಯಕರ ಆಳ್ವಿಕೆ ಅವನ ಜೊತೆಗೇ ಮುಗಿಯಿತು.

ಇತಿಹಾಸದ ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿ ಪುಟ ತಿರುಗಿಸುತ್ತವೆ. ನನ್ನ ಮಟ್ಟಿಗೆ ಮುಖ್ಯವಾದ ಭಾಗ ಇಲ್ಲಿಂದ ಶುರು. ರಾಜ ಸತ್ತರೆ ಇನ್ನೊಬ್ಬ ರಾಜ ಹುಟ್ಟಿಕೊಳ್ಳಬಹುದು, ಆದರೆ ಈ ನೆಲ ಹೀಗೇ ಇರುವ ತನಕ ಕದನ ಮುಗಿಯುವುದಿಲ್ಲ ಎಂದು ವೆಲ್ಲೆಸ್ಲಿ ಕಂಡುಕೊಂಡಿದ್ದ. ಹಾಗಾಗಿ ಗೆದ್ದ ಮೇಲೆ ದಂಡು ಊರು ಬಿಟ್ಟು ಹೋಗಲಿಲ್ಲ. ಊರೂರಿನ ಬಿದಿರು ಬೇಲಿಗಳನ್ನು ಕಡಿಸಿದರು, ಅಗಳಗಳನ್ನು ಮುಚ್ಚಿಸಿದರು, ಕಾಡು ಕಡಿದು ಅಗಲವಾದ ದಾರಿ ಬಿಡಿಸಿದರು, ಜನರ ಕೈಯಲ್ಲಿದ್ದ ಕೋವಿ ಕತ್ತಿಗಳನ್ನು ಕಿತ್ತುಕೊಂಡರು. ಈ ಕೆಲಸ ಬಿದ್ದದ್ದು ಮೈಸೂರು ಸರ್ಕಾರದ ತಲೆಗೆ, ಅಂದರೆ ಪೂರ್ಣಯ್ಯನವರ ತಲೆಗೆ.

ತಲೆಮಾರುಗಳಿಂದ ನೆಟ್ಟು ಬೆಳೆಸಿದ ಬೇಲಿಯನ್ನು ಕಡಿಯುವುದೆಂದರೆ ಏನೆಂದು ಮಲೆನಾಡಿನ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಬೇಲಿ ಶತ್ರುವಿಗಷ್ಟೇ ಅಲ್ಲ, ಗದ್ದೆಗೆ ನುಗ್ಗುವ ಹಂದಿಗೂ ಕೊಟ್ಟಿಗೆಗೆ ಬರುವ ಹುಲಿಗೂ ತಡೆ. ಕೋವಿಯೂ ಹಾಗೆಯೇ. ಪಕ್ಕದ ಕೊಡಗಿನಲ್ಲಿ ಕೊಡವರಿಗೆ 1861ರಲ್ಲಿ ಆಯುಧ ಕಾನೂನಿನಿಂದ ವಿನಾಯಿತಿ ಸಿಕ್ಕಿತು, ಅದು ಇಂದಿಗೂ ನಡೆದುಬಂದಿದೆ. ಅದೇ ಮಳೆ, ಅದೇ ಕಾಡುಪ್ರಾಣಿ, ಅದೇ ಬಗೆಯ ಗದ್ದೆಯಿರುವ ಮಂಜರಾಬಾದಿನ ಒಕ್ಕಲಿಗ ಅದಕ್ಕೂ ಆರು ದಶಕ ಮೊದಲೇ ಬರಿಗೈಯಾಗಿದ್ದ. ಎರಡು ನೆರೆಹೊರೆಯ ಸೀಮೆಗಳನ್ನು ಹೀಗೆ ಬೇರೆ ಮಾಡಿದ್ದು 1790ರಲ್ಲಿ ಒಬ್ಬರು ಹಿಡಿದ ಪಕ್ಷ, 1799ರಲ್ಲಿ ಇನ್ನೊಬ್ಬರು ಹಿಡಿದ ಹಟ.

ಮಂಜರಾಬಾದ್ ಒಂದು ಫೌಜುದಾರಿಯ, ಅಂದರೆ ಆಡಳಿತ ವಿಭಾಗದ, ಹೆಸರಾಯಿತು. ಆಗಿನ ಮೈಸೂರಿನ ಆರು ಫೌಜುದಾರಿಗಳಲ್ಲಿ ಇದೂ ಒಂದು. ಪಾಳೆಯಗಾರ ಹೋದರೂ ಊರಿನ ಪಟೇಲರು ಉಳಿದರು. ಅವರಿಲ್ಲದೆ ಕಂದಾಯ ಎತ್ತುವವರು ಯಾರು? ಯುದ್ಧದಲ್ಲಿ ನಾಯಕನ ಹಿಂದೆ ನಿಂತ ಮನೆಗಳೇ ಈಗ ಸರ್ಕಾರದ ಲೆಕ್ಕಕ್ಕೆ ಜವಾಬುದಾರರಾದವು. ಅಂತರ್ಯುದ್ಧ ಕಂಡ ನಾಡುಗಳಲ್ಲೆಲ್ಲ ಈ ಇಕ್ಕಟ್ಟು ಬರುತ್ತದೆ. ಅಮೆರಿಕದಲ್ಲಿ 1865ರ ನಂತರ ಸೋತ ದಕ್ಷಿಣದ ಜಮೀನುದಾರರು ಕೆಲವೇ ವರ್ಷಗಳಲ್ಲಿ ಮತ್ತೆ ಅಧಿಕಾರಕ್ಕೆ ಬಂದದ್ದೂ ಇಂಥದೇ ದಾರಿಯಲ್ಲಿ, ಅಲ್ಲಿ ಅದರ ಬೆಲೆ ತೆತ್ತವರು ಬಿಡುಗಡೆಯಾದ ಗುಲಾಮರು.

ಆ 7 ಲಕ್ಷ ವರಹದ ಮಾತಿಗೆ ಬರೋಣ. ಪೂರ್ಣಯ್ಯ 1811ರಲ್ಲಿ ಅಧಿಕಾರ ಬಿಟ್ಟಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಹೆಚ್ಚು ಉಳಿದಿತ್ತು. ಆಮೇಲೆ ಅದು ಕರಗಿತು, ಕಪ್ಪ ಕರಗಲಿಲ್ಲ. ಹಣ ಹೊಂದಿಸಲು ಅರಮನೆ ಹಿಡಿದ ಉಪಾಯ ಶರತ್ತು ಪದ್ಧತಿ: ಇಂತಿಷ್ಟು ಕಂದಾಯ ಎತ್ತಿಕೊಡುತ್ತೇನೆಂದು ಅಮಲ್ದಾರ ಬರೆದುಕೊಡಬೇಕು. ಬರ ಬರಲಿ, ರೋಗ ಬರಲಿ, ಬರೆದುಕೊಟ್ಟದ್ದನ್ನು ಎತ್ತಲೇಬೇಕು. 1830ರಲ್ಲಿ ನಗರ ಸೀಮೆಯ ರೈತರು ಕೂಟ ಕಟ್ಟಿ ಕಂದಾಯ ಕೊಡುವುದಿಲ್ಲವೆಂದರು. ನಗರದ ಗದ್ದುಗೆ ತನ್ನದೆಂದು ಬೂದಿ ಬಸಪ್ಪ ಮುಂದೆ ಬಂದ. ತರೀಕೆರೆಯ ಪಾಳೆಯಗಾರನೂ ಎದ್ದ. ಮತ್ತೆ ಮೈಸೂರಿನ ದಂಡು ಮೈಸೂರಿನ ರೈತರ ಮೇಲೆ ನಡೆಯಿತು, ಮತ್ತೆ ಅದರ ಹಿಂದೆ ಕಂಪನಿಯ ದಂಡು ಬಂತು. ದಂಗೆ ಅಡಗಿತು. ಆದರೆ 1831ರ ಅಕ್ಟೋಬರ್‌ನಲ್ಲಿ ಕಂಪನಿ ಮಹಾರಾಜರಿಂದ ಆಡಳಿತವನ್ನೇ ಕಿತ್ತುಕೊಂಡಿತು. ಮುಂದಿಟ್ಟ ಕಾರಣಗಳಲ್ಲಿ ಕಪ್ಪದ ಬಾಕಿಯೂ ಒಂದು. ಬಲಂನವರನ್ನು ಮಣಿಸಿ ಕಂದಾಯ ಗಟ್ಟಿ ಮಾಡಿಕೊಂಡ ಸರ್ಕಾರ ಮೂವತ್ತು ವರ್ಷ ತುಂಬುವ ಮೊದಲೇ ಅದೇ ಕಂದಾಯದ ಭಾರಕ್ಕೆ ಕುಸಿಯಿತು. ಒಡೆಯರ ಮನೆತನಕ್ಕೆ ರಾಜ್ಯ ಮರಳಿದ್ದು 1881ರ ಮಾರ್ಚ್ 25ರಂದು.

ಆ ಐವತ್ತು ವರ್ಷಗಳಲ್ಲಿ ಬಲಂ ಸೀಮೆಯ ಚಹರೆಯೇ ಬೇರೆಯಾಯಿತು. ದಂಡು ನಡೆಯಲೆಂದು ತೆರೆದ ಮಲೆಯಲ್ಲಿ ಎತ್ತಿನ ಗಾಡಿಗಳು ಓಡಿದವು, ಗಾಡಿಯ ಹಿಂದೆ ಕಾಫಿ ಬಂತು. 1843ರಲ್ಲಿ ಗ್ರೀನ್ ಎಂಬ ಯುರೋಪಿಯನ್ ದಕ್ಷಿಣ ಮಂಜರಾಬಾದಿನಲ್ಲಿ ತೋಟ ತೆರೆದ. 1850ರ ದಶಕದಲ್ಲಿ ಬಂದ ರಾಬರ್ಟ್ ಎಲಿಯಟ್ ಇಲ್ಲಿನ ಜನ ಮತ್ತು ಕಾಡಿನ ಬಗ್ಗೆ ಎರಡು ಪುಸ್ತಕ ಬರೆದ. ಊರಿನ ಗೌಡರ ಮನೆಗಳೂ ಕಾಫಿ ಹಾಕಿದವು. ಬೇಲಿಯಿದ್ದ ಕಡೆ ತೋಟದ ಗಡಿ ಬಂತು, ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಕೂಲಿಯವರು ಬಂದರು. ಇಂದು ಸಕಲೇಶಪುರದ ಕಾಫಿ ಲೋಕದ ಗುರುತು ಕಟ್ಟುವವರು ಸಾಮಾನ್ಯವಾಗಿ ಗ್ರೀನ್, ಎಲಿಯಟ್ಟರಿಂದ ಕಥೆ ಆರಂಭಿಸುತ್ತಾರೆ. 1802ರಿಂದ ಆರಂಭಿಸಬೇಕು. ಅರೆಕೆರೆಯ ಬಿದಿರು ನಿಂತಿದ್ದರೆ ಹೊರಗಿನವನೊಬ್ಬ ಈ ಕಾಡಿನಲ್ಲಿ ನಿಶ್ಚಿಂತೆಯಿಂದ ಗಿಡ ನೆಡುವ ಹಾಗಿರಲಿಲ್ಲ.

ಘಟ್ಟದ ಕೆಳಗೆ ಮಾತ್ರ ಇನ್ನೊಂದು ಸುತ್ತು ಬಾಕಿಯಿತ್ತು. 1834ರಲ್ಲಿ ಕಂಪನಿ ಕೊಡಗನ್ನು ನುಂಗಿ, ಅದಕ್ಕೆ ಸೇರಿದ್ದ ಅಮರ ಸುಳ್ಯವನ್ನು ಕೆನರಾಕ್ಕೆ ಸೇರಿಸಿತು. ಅಲ್ಲಿಯವರೆಗೆ ಭತ್ತದ ಲೆಕ್ಕದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದರು. 1837ರ ಏಪ್ರಿಲ್‌ನಲ್ಲಿ ಸುಳ್ಯ, ಬೆಳ್ಳಾರೆಯ ರೈತರು ಕೋವಿ ಹಿಡಿದು ಮಂಗಳೂರಿಗೇ ನುಗ್ಗಿದರು. ತುಳುನಾಡಿನವರು ಕಲ್ಯಾಣಪ್ಪನ ಕಾಟಕಾಯಿ ಎಂದು ನೆನೆಯುವ ಆ ದಂಗೆ ಮುಂದಿನ ಅಧ್ಯಾಯದ ವಸ್ತು.