ಹತ್ತು ಸಾವಿರ ಗುಂಡು, ಆರು ಸೆಕೆಂಡಿನ ದುಡಿಮೆ

ಬೆಂಗಳೂರು ದಂಡು ಪ್ರದೇಶದ ಕಮರ್ಷಿಯಲ್ ಸ್ಟ್ರೀಟಿನ ಆ ತುದಿಯಿಂದ ಈ ತುದಿಗೆ ಅರ್ಧ ಕಿಲೋಮೀಟರಿನ ಆಸುಪಾಸು. ಹಬ್ಬದ ಮುಂಚಿನ ಭಾನುವಾರ ಚೌಕಾಸಿ ಮಾಡುತ್ತ ಹೊರಟರೆ ಒಂದು ಸಂಜೆಯೂ ಸಾಲದು. ಪೊಲೀಸರ 9 ಎಂಎಂ ಪಿಸ್ತೂಲಿನ ಗುಂಡಿಗೆ ಸುಮಾರು ಎರಡು ಸೆಕೆಂಡು ಸಾಕು. ಬೀದಿಯ ಈ ಲೆಕ್ಕವೂ ನಳಿಕೆಯೊಳಗಿನ ಲೆಕ್ಕದ ಮುಂದೆ ಸಪ್ಪೆ.

ಭಾರತದ ಪೊಲೀಸರ ಸೊಂಟದಲ್ಲಿ ಬಹುಕಾಲದಿಂದ ಕಾಣುವ ಪಿಸ್ತೂಲುಗಳಲ್ಲೊಂದು ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯ ‘ಪಿಸ್ಟಲ್ ಆಟೋ 9 ಎಂಎಂ 1ಎ’. ಅದರ ಮೂಲ ಬ್ರೌನಿಂಗ್ ಹೈ ಪವರ್. ಅಮೆರಿಕದ ಜಾನ್ ಬ್ರೌನಿಂಗ್ ಅದನ್ನು ಅರ್ಧಕ್ಕೆ ಬಿಟ್ಟು 1926ರಲ್ಲಿ ಬೆಲ್ಜಿಯಂನ ಲಿಯೇಜಿನಲ್ಲಿ ತೀರಿಕೊಂಡ. ಅಲ್ಲಿನ ವಿನ್ಯಾಸಕಾರ ದ್ಯೂದೊನೆ ಸೇವ್ ಅದನ್ನು ಮುಗಿಸಿದ. 1935ರಲ್ಲಿ ಬೆಲ್ಜಿಯಂ ಸೇನೆ ಒಪ್ಪಿಕೊಂಡಿತು. ಮಾಮೂಲಿ ರಿವಾಲ್ವರಿನಲ್ಲಿ 6 ಗುಂಡು ಹಿಡಿದರೆ ಇದರ ಮ್ಯಾಗಜೀನಿನಲ್ಲಿ 13.

ಟ್ರಿಗರ್ ಎಳೆದ ಮೇಲೆ ಒಳಗೆ ಏನಾಗುತ್ತದೆ? ಮದ್ದು ಉರಿದು ಒತ್ತಡ ವಾತಾವರಣದ ಎರಡು ಸಾವಿರ ಪಟ್ಟು ಮೀರುತ್ತದೆ. ಒಂಬತ್ತು ಮಿಲಿಮೀಟರ್ ಅಗಲದ ಗುಂಡಿನ ಬೆನ್ನ ಮೇಲೆ ಸುಮಾರು ಒಂದೂವರೆ ಟನ್ ಭಾರ ಬೀಳುತ್ತದೆ. ಹತ್ತು ಸೆಂಟಿಮೀಟರ್ ಓಡುವಷ್ಟರಲ್ಲಿ ಎಂಟು ಗ್ರಾಂ ತೂಕದ ಆ ಲೋಹದ ಚೂರು ಸೆಕೆಂಡಿಗೆ 350 ಮೀಟರ್ ವೇಗ ಮುಟ್ಟುತ್ತದೆ, ಅಂದರೆ ಶಬ್ದದ ವೇಗದಷ್ಟೇ. ಭೂಮಿಯ ಸೆಳೆತದ ಅರವತ್ತು ಸಾವಿರ ಪಟ್ಟು ವೇಗವರ್ಧನೆ! ನಳಿಕೆಯ ಸುರುಳಿ ಗೀರುಗಳು 25 ಸೆಂಟಿಮೀಟರಿಗೆ ಒಂದು ಸುತ್ತಿನ ಲೆಕ್ಕದಲ್ಲಿರುವುದರಿಂದ ಒಳಗಿರುವಾಗ ಗುಂಡು ಅರ್ಧ ಸುತ್ತನ್ನೂ ಪೂರೈಸಿರುವುದಿಲ್ಲ. ಹೊರಬಿದ್ದಾಗ ಮಾತ್ರ ಸೆಕೆಂಡಿಗೆ 1,400 ಸುತ್ತು ತಿರುಗುತ್ತಿರುತ್ತದೆ. ಅದರ ಶಕ್ತಿ ಸುಮಾರು 500 ಜೂಲ್: ಐವತ್ತು ಕೆ.ಜಿ. ಅಕ್ಕಿ ಮೂಟೆಯನ್ನು ಒಂದು ಮೀಟರ್ ಎತ್ತುವಷ್ಟು.

ಇಷ್ಟೆಲ್ಲ ಮುಗಿಯಲು ಬೇಕಾದದ್ದು ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಬ್ರೌನಿಂಗನ ಜಾಣತನವಿರುವುದು ಇಲ್ಲಿ. ನಳಿಕೆ ಮತ್ತು ಮೇಲಿನ ಸ್ಲೈಡ್ ಒಂದಕ್ಕೊಂದು ಕಚ್ಚಿಕೊಂಡೇ ಹಿಂದೆ ಸರಿಯುತ್ತವೆ. ಗುಂಡು ಹೊರಹೋಗುವ ಹೊತ್ತಿಗೆ ಅವು ಚಲಿಸಿರುವುದು ಒಂದೆರಡು ಮಿಲಿಮೀಟರು. ಒತ್ತಡ ಇಳಿದ ಮೇಲಷ್ಟೇ ನಳಿಕೆಯ ಹಿಂಭಾಗ ತಗ್ಗಿ ಕೊಂಡಿ ಬಿಡುತ್ತದೆ, ಖಾಲಿ ತೋಟಾ ಹಾರುತ್ತದೆ, ಹೊಸದು ಒಳಗೆ ಕೂರುತ್ತದೆ.

ದಂಡು ಪ್ರದೇಶಕ್ಕೂ ಇಂಥ ಸೆಮಿ ಆಟೋಮ್ಯಾಟಿಕ್ ಪಿಸ್ತೂಲುಗಳ ಮೊದಲ ತಲೆಮಾರಿಗೂ ಒಂದು ನಂಟಿದೆ. 1896ರಲ್ಲಿ 4ನೇ ಹುಸಾರ್ಸ್ ದಳದೊಡನೆ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್, ಮುಂಬೈಯಲ್ಲಿ ದೋಣಿಯಿಂದಿಳಿಯುವಾಗಲೇ ಬಲಭುಜದ ಕೀಲು ತಪ್ಪಿಸಿಕೊಂಡಿದ್ದ. ಕತ್ತಿ ಬೀಸಲು ಆ ಭುಜವನ್ನು ನಂಬುವಂತಿರಲಿಲ್ಲ. ಹಾಗಾಗಿ 1898ರಲ್ಲಿ ಸೂಡಾನಿನ ಓಮ್ಡರ್ಮನ್ ಕಾಳಗದಲ್ಲಿ ಅವನ ಕೈಯಲ್ಲಿದ್ದದ್ದು ಹತ್ತು ಗುಂಡಿನ ಮೌಸರ್ ಸೆಮಿ ಆಟೋಮ್ಯಾಟಿಕ್.

ಸೈನ್ಯದ ಪಿಸ್ತೂಲು ಬೇರೆ, ಪೊಲೀಸರ ಪಿಸ್ತೂಲು ಬೇರೆ ಎಂದು ಅಳತೆಪಟ್ಟಿ ಹಿಡಿದು ಯೋಚಿಸಿದ್ದು ಪಶ್ಚಿಮ ಜರ್ಮನಿ. 1972ರ ಮ್ಯೂನಿಕ್ ಒಲಿಂಪಿಕ್ಸ್ ದಾಳಿಯ ಬಳಿಕ, ಎಪ್ಪತ್ತರ ದಶಕದ ನಡುವೆ, ಅಲ್ಲಿನ ಪೊಲೀಸರು ತಯಾರಕರ ಮುಂದೆ ಷರತ್ತು ಇಟ್ಟರು: ತೂಕ ಒಂದು ಕಿಲೋ ದಾಟಬಾರದು, ಉದ್ದ 180, ಎತ್ತರ 130, ದಪ್ಪ 34 ಮಿಲಿಮೀಟರ್ ಮೀರಬಾರದು, ಕನಿಷ್ಠ 10,000 ಗುಂಡು ಬಾಳಬೇಕು, ಹೊರತೆಗೆದೊಡನೆ ಹಾರಿಸಲು ಬರಬೇಕು, ಆದರೆ ಕೈತಪ್ಪಿ ಬಿದ್ದರೆ ಸಿಡಿಯಬಾರದು. ವಾಲ್ಥರ್ ಪಿ5, ಸಿಗ್ ಪಿ6, ಹೆಕ್ಲರ್ ಕೋಚ್ ಪಿ7 ಹುಟ್ಟಿದ್ದು ಹೀಗೆ. 1982ರಲ್ಲಿ ಆಸ್ಟ್ರಿಯಾದ ಗ್ಲಾಕ್ 17 ಪ್ಲಾಸ್ಟಿಕ್ ಚೌಕಟ್ಟಿನೊಂದಿಗೆ ಬಂತು, ಬರೀ 34 ಬಿಡಿಭಾಗ.

ಆ ಹತ್ತು ಸಾವಿರವನ್ನು ಗುಣಿಸಿ ನೋಡಿ. ಒಂದು ಗುಂಡು ನಳಿಕೆಯಲ್ಲಿರುವುದು ಸುಮಾರು 0.6 ಮಿಲಿಸೆಕೆಂಡು. ಹತ್ತು ಸಾವಿರ ಗುಂಡಿಗೆ ಒಟ್ಟು ಆರು ಸೆಕೆಂಡು. ಎಂಬತ್ತು ಕಿಲೋ ಲೋಹ ಉಗುಳಿದ ನಳಿಕೆಯ ಜೀವಮಾನದ ದುಡಿಮೆ ಅಷ್ಟೇ! ಮಿಕ್ಕ ವರ್ಷಗಳೆಲ್ಲ ಅದು ಸೊಂಟದ ಚೀಲದಲ್ಲಿ ಸುಮ್ಮನೆ ಕೂತಿರುತ್ತದೆ, ಕೂತಿರಲೇಬೇಕು.

ಪಿಸ್ತೂಲಿನ ಗುರಿಯನ್ನು ನಂಬಬಹುದಾದದ್ದು ಇಪ್ಪತ್ತೈದು, ಹೆಚ್ಚೆಂದರೆ ಐವತ್ತು ಮೀಟರಿನೊಳಗೆ. ಗುರಿ ತಪ್ಪಿ ಮೇಲ್ಮುಖವಾಗಿ ಹಾರಿದ ಗುಂಡು ಒಂದೂವರೆ ಕಿಲೋಮೀಟರನ್ನೂ ದಾಟಬಲ್ಲದು; ಕಮರ್ಷಿಯಲ್ ಸ್ಟ್ರೀಟಿನಿಂದ ಎಂ.ಜಿ. ರಸ್ತೆ ಅಷ್ಟು ದೂರವೂ ಇಲ್ಲ. ಅದಕ್ಕೇ, ಜರ್ಮನ್ನರ ಷರತ್ತುಗಳಲ್ಲಿ ನನ್ನ ಮಟ್ಟಿಗೆ ತೂಕದ್ದು ಆ ಕೊನೆಯದು: ಬಿದ್ದರೂ ಸಿಡಿಯಬಾರದು.